ಆಸ್ಪತ್ರೆಯಿಂದ ಮರಳಿದ ಮೇಲೆ

ಮನೋರೋಗವು ಸಿಡಿಲಿನಂತೆ ಎರಗುವುದು ವಿರಳ. ಬಹುಮಟ್ಟಿಗೆ ಮೊದಲು ಕೆಡುವುದು ನಿದ್ರೆ. ರಾತ್ರಿಗಟ್ಟಲೆ ಕಣ್ಣು ಮುಚ್ಚದಿದ್ದರೂ ದಣಿವರಿಯದ ಉತ್ಸಾಹ, ಸ್ನಾನ ಊಟಗಳಲ್ಲಿ ಔದಾಸೀನ್ಯ, ನೆರೆಹೊರೆಯವರೆಲ್ಲ ತನ್ನ ವಿಷಯವನ್ನೇ ಆಡಿಕೊಳ್ಳುತ್ತಿರುವರೆಂಬ ಶಂಕೆ, ಯಾರೂ ಇಲ್ಲದೆಡೆ ಕೇಳಿಬರುವ ಧ್ವನಿ, ಇವನ್ನು ಹಟವೆಂದೋ ಗ್ರಹಚಾರವೆಂದೋ ಕಡೆಗಣಿಸುವುದುಂಟು. "ನಾನಿದ್ದು ಪ್ರಯೋಜನವೇನು" ಎಂಬ ಮಾತು ಇನ್ನೂ ಗಂಭೀರವಾದುದು. ಸಾಯುವ ಯೋಚನೆಯಿದೆಯೇ ಎಂದು ಕೇಳಿದರೆ ಆ ಯೋಚನೆಯನ್ನೇ ಬಿತ್ತಿದಂತಾದೀತೆಂಬ ಅಂಜಿಕೆ ನಿರಾಧಾರ. ನೇರವಾಗಿ ಕೇಳಬೇಕು. ಹೌದೆಂದರೆ ಒಂಟಿಯಾಗಿ ಬಿಡದೆ, ಮಾತ್ರೆ, ಕೀಟನಾಶಕಗಳನ್ನು ಬೀಗದಲ್ಲಿಟ್ಟು ಅಂದೇ ವೈದ್ಯರನ್ನು ಕಾಣಬೇಕು. ಪೊಲೀಸರ ಭಯದಿಂದ ಮುಚ್ಚಿಡುವವರು ತಿಳಿಯಬೇಕಾದುದೆಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು, ಬೇರೆಯಾಗಿ ರುಜುವಾತಾಗದ ಹೊರತು, ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಿ ಶಿಕ್ಷೆಯಿಂದ ರಕ್ಷಿಸಿದೆ.

ಅನೇಕ ಸಂಸಾರಗಳು ಎಡವುವುದು ಚಿಕಿತ್ಸೆಯಾದ ಮೇಲೆ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ಮನೆಯವರು ನೆಮ್ಮದಿಯ ಉಸಿರು ಬಿಡುವುದೂ ಆಗಲೇ. ಮುಂಬಯಿಯ ಇಕ್ಕಟ್ಟಾದ ಮನೆಯಲ್ಲಿ ರೋಗಿಗೆ ಶಾಂತಿಯಿಲ್ಲವೆಂದು ಹವಾ ಬದಲಾವಣೆಗಾಗಿ ಊರಿಗೆ ಕಳುಹಿಸುವುದು ಹೊರನಾಡ ಕನ್ನಡಿಗರಿಗೆ ಹೊಸತಲ್ಲ. ಅದರಲ್ಲಿ ತಪ್ಪೂ ಇಲ್ಲ; ಅಡಿಕೆ ತೋಟದ ನೆರಳು ಮನಸ್ಸಿಗೆ ಹಿತವೇ. ಆದರೆ ವೈದ್ಯರ ಚೀಟಿ ಮುಂಬಯಿಯ ಕಪಾಟಿನಲ್ಲಿಯೇ ಉಳಿದು, ಒಯ್ದ ಮಾತ್ರೆಗಳು ತಿಂಗಳಲ್ಲಿ ಮುಗಿದು, "ಹುಡುಗ ಚೆನ್ನಾಗಿಯೇ ಇದ್ದಾನಲ್ಲ" ಎಂದು ಅಜ್ಜಿ ಸಮಾಧಾನಪಟ್ಟರೆ ಕೇಡು ಅಲ್ಲಿಂದ ಆರಂಭ. ಔಷಧ ನಿಲ್ಲಿಸಿದ ಮರುದಿನವೇ ಏನೂ ಆಗದಿರಬಹುದು. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದು ರೋಗ ಮರುಕಳಿಸುವಾಗ ಮೂಲ ಕಾರಣ ಮರೆತೇ ಹೋಗಿರುತ್ತದೆ. ದೋಷವೆಲ್ಲ ಊರ ಹುಣಸೆಮರದ ದೆವ್ವದ ಪಾಲಿಗೆ!

ಕೈನಡುಕ, ತೂಕಡಿಕೆ, ಮೈತೂಕ ಏರುವುದು ಮುಂತಾದ ತೊಂದರೆಗಳು ನಿಜವೇ. ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸಬಲ್ಲರು. ಲಿಥಿಯಂ ಸೇವಿಸುವವರಿಗೆ ಕಾಲಕಾಲಕ್ಕೆ ರಕ್ತಪರೀಕ್ಷೆ ಅನಿವಾರ್ಯ. ವಾಂತಿಭೇದಿಯಿಂದ ದೇಹದ ನೀರು ಬತ್ತಿದರೆ ಆ ಔಷಧವೇ ವಿಷವಾದೀತು. ಪ್ರಯಾಣದಲ್ಲಿ ಇದನ್ನು ಮರೆಯಬಾರದು.

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಬಂಧುಗಳಿಗೆ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಯೊಡನೆ ಉಳಿಸಿಕೊಂಡು, ರೋಗದ ಸ್ವರೂಪವನ್ನು ವಿವರಿಸಿ ಮನೆಗೆ ಕಳುಹಿಸುತ್ತಿದ್ದರು. ಇಂದು ಡೇರೆಯ ಅಗತ್ಯವಿಲ್ಲ. ಊರಿಗೆ ಹೊರಡುವ ಮುನ್ನ ಚೀಟಿಯ ಪ್ರತಿ, ಮುಂದಿನ ಭೇಟಿಯ ದಿನಾಂಕ, ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ವಿವರ ಕೈಯಲ್ಲಿರಲಿ. ಮಾತ್ರೆಗಳು ಮನೆಯ ಹಿರಿಯರೊಬ್ಬರ ವಶದಲ್ಲಿರಲಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು.