ಕೈಯ ಅಭ್ಯಾಸವೂ ಕಡತದ ಅಭ್ಯಾಸವೂ

ನೆಲದ ಮೇಲಿರುವ ರಾಗಿಯ ಮೂಟೆಯೊಂದನ್ನು ಎಳೆದು ನೋಡಿ. ಅದನ್ನು ಮೊದಲು ಕದಲಿಸಲು ಬೇಕಾದಷ್ಟು ಬಲ, ಕದಲಿದ ಮೇಲೆ ಮುಂದಕ್ಕೆ ಎಳೆದೊಯ್ಯಲು ಬೇಕಾಗುವುದಿಲ್ಲ. ಮೊದಲು ಎದುರಾಗುವುದು ಸ್ಥಿತಿಘರ್ಷಣೆ; ಅನಂತರದ್ದು ಚಲನಘರ್ಷಣೆ. ಮನುಷ್ಯನ ಅಭ್ಯಾಸಗಳಿಗೂ ಈ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಹೊಸ ಪದ್ಧತಿಯಲ್ಲಿ ನಡೆಯುವುದಕ್ಕಿಂತ ಹಳೆಯದರಿಂದ ಕದಲುವುದೇ ಹೆಚ್ಚು ಕಷ್ಟ.

ಗಣಕಯಂತ್ರವನ್ನು ಬಳಸುವವರಿಗೆ ಈ ತೊಡಕು ಕೆಲವು ವರ್ಷಗಳಿಗೊಮ್ಮೆ ತಪ್ಪದೆ ಒದಗುತ್ತದೆ. ಯಂತ್ರದ ಸ್ಮರಣೆ, ತೆರೆ, ಕೀಲಿಮಣೆ, ಮುದ್ರಣಯಂತ್ರ ಇವೆಲ್ಲವುಗಳಿಂದ ಸರದಿಯರಿತು ಕೆಲಸ ತೆಗೆಯುವ ಮೇಸ್ತ್ರಿಯೊಬ್ಬ ಅದರೊಳಗಿದ್ದಾನೆ. ಅವನನ್ನೇ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಎಂದು ಕರೆಯುವುದು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಬೆಂಬಲ ನಿಂತಿತೆಂದರೆ ಯಂತ್ರವೇ ನಿಂತಿತೆಂದು ಅರ್ಥವಲ್ಲ. ಆದರೆ ಆಮೇಲೆ ಕಂಡುಬರುವ ಕಳ್ಳಗಂಡಿಗಳನ್ನು ಮುಚ್ಚುವವರಿಲ್ಲ. ಹೊಸ ತಂತ್ರಾಂಶಗಳೂ ಒಂದೊಂದಾಗಿ ಅದರ ಕೈಬಿಡುತ್ತವೆ.

ಹೀಗಿದ್ದರೂ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳಂಥ ತಾಲ್ಲೂಕು ಕೇಂದ್ರಗಳಲ್ಲಿ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳನ್ನು ಟೈಪು ಮಾಡಿ ಜೀವಿಸುವವರು ಬದಲಾವಣೆಗೆ ಹಿಂಜರಿದರೆ, ಅದನ್ನು ಬರಿಯ ಮೊಂಡುತನವೆನ್ನಲಾಗದು. ಇಂಗ್ಲಿಷಿನಲ್ಲಿ ಬರೆಯುವವನಿಗೆ ಇರದ ಒಂದು ಭಯ ಕನ್ನಡದಲ್ಲಿ ಬರೆಯುವವನಿಗೆ ಉಂಟು: ಹೊಸ ಯಂತ್ರದಲ್ಲಿ ನನ್ನ ಕನ್ನಡದ ಗತಿಯೇನು? ಈ ಭಯದಲ್ಲಿ ಎಷ್ಟು ನಿಜ, ಎಷ್ಟು ಭ್ರಮೆ ಎಂಬುದನ್ನು ತಿಳಿಯಬೇಕಾದರೆ, ಗಣಕವು ಕನ್ನಡವನ್ನು ಹೇಗೆ ನೆನಪಿಡುತ್ತದೆಂಬುದನ್ನು ಮೊದಲು ನೋಡಬೇಕು.

ಗಣಕಕ್ಕೆ ಅಕ್ಷರಗಳು ತಿಳಿಯವು. ಅದಕ್ಕೆ ತಿಳಿದಿರುವುದು ಅಂಕೆಗಳು ಮಾತ್ರ. ಹಿಂದೆ ಪ್ರತಿಯೊಂದು ಅಕ್ಷರಕ್ಕೂ 0ಯಿಂದ 255ರವರೆಗಿನ ಒಂದು ಸಂಖ್ಯೆಯನ್ನು ಕೊಡುತ್ತಿದ್ದರು. ಈ 256 ಮನೆಗಳಲ್ಲಿ ಇಂಗ್ಲಿಷ್ ಮತ್ತು ಯೂರೋಪಿನ ಇತರ ಕೆಲವು ಭಾಷೆಗಳ ಅಕ್ಷರಗಳು ಆಗಲೇ ನೆಲೆಸಿದ್ದುವು. ಕನ್ನಡಕ್ಕೆ ಜಾಗ ಮಾಡಲು ನಮ್ಮವರು ಒಂದು ಜಾಣತನದ ಉಪಾಯವನ್ನು ಹೂಡಿದರು. ಮನೆಯ ಸಂಖ್ಯೆಯನ್ನು ಹಾಗೆಯೇ ಉಳಿಸಿ, ಅಲ್ಲಿ ತೋರುವ ಚಿತ್ರವನ್ನು ಮಾತ್ರ ಬದಲಿಸುವ ಫಾಂಟುಗಳನ್ನು ರಚಿಸಿದರು. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಇಂಗ್ಲಿಷಿನ ‘ಪಿ’ ಅಕ್ಷರದ ಮನೆಯಾದ 80ರಲ್ಲಿ ತಲೆಕಟ್ಟಿಲ್ಲದ ಕಕಾರವೂ, 192ನೆಯ ಮನೆಯಲ್ಲಿ ತಲೆಕಟ್ಟೂ ಇರುತ್ತವೆ. ಎರಡೂ ಸೇರಿದರೆ ‘ಕ’. ಆದರೆ ‘ಕಿ’ ಎಂಬುದು ‘ಕ್ಯೂ’ ಅಕ್ಷರದ ಮನೆಯಾದ 81ರಲ್ಲಿ ಇಡಿಯಾಗಿ ಕುಳಿತಿದೆ! ಕಣ್ಣಿಗೆ ಇದು ಕನ್ನಡ. ಯಂತ್ರದ ಲೆಕ್ಕದಲ್ಲಿ ಇನ್ನೂ ‘ಪಿ’ ಮತ್ತು ‘ಕ್ಯೂ’. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ, ಯಾರೂ ಓದಲಾಗದ ಚಿಹ್ನೆಗಳ ರಾಶಿ ತೆರೆಯ ಮೇಲೆ ಬೀಳುತ್ತದೆ.

ಈ ಉಪಾಯವನ್ನು ಹಳಿಯುವುದು ಅನ್ಯಾಯ. ಯಂತ್ರಗಳೇ ಕನ್ನಡವನ್ನರಿಯದಿದ್ದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ಮೊದಲಾದ ತಂತ್ರಾಂಶಗಳು ನಾಡಿನ ಕೆಲಸವನ್ನು ನಡೆಸಿಕೊಟ್ಟುವು. ಆದರೆ ತಾತ್ಕಾಲಿಕ ಚಪ್ಪರವನ್ನು ಮನೆಯೆಂದು ತಿಳಿಯಬಾರದು.

ಶಾಶ್ವತವಾದ ಮನೆ ದೊರೆತದ್ದು ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾದುವು. ಇಲ್ಲಿ ‘ಕ’ ಎಂದರೆ 3221, ಗುಡಿಸು 3263, ‘ಕಿ’ ಎಂದರೆ ಇವೆರಡರ ಜೋಡಿ. ಹಳೆಯ ಪದ್ಧತಿಯು ಅಕ್ಷರದ ಆಕಾರವನ್ನು ಹಿಡಿದರೆ, ಇದು ಉಚ್ಚಾರಣೆಯ ಕ್ರಮವನ್ನು ಹಿಡಿಯುತ್ತದೆ. ‘ಸೂರ್ಯ’ ಎಂಬ ಮಾತನ್ನೇ ನೋಡಿ. ಬರೆಯುವಾಗ ಯಕಾರವನ್ನು ಬರೆದು ಅನಂತರ ಅರ್ಕಾವೊತ್ತನ್ನು ಹಾಕುತ್ತೇವೆ. ಹಳೆಯ ಕಡತವೂ ಅದೇ ಕ್ರಮದಲ್ಲಿ ನೆನಪಿಡುತ್ತದೆ. ಆದರೆ ನುಡಿಯುವಾಗ ರೇಫವೇ ಮೊದಲು. ಯೂನಿಕೋಡಿನಲ್ಲಿಯೂ ಅದೇ ಮೊದಲು. ಆಕಾರವನ್ನು ಬಿಡಿಸುವ ಹೊಣೆ ಫಾಂಟಿನದು. 2001ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟು ಬಂದಿತು. ಇಂದು ಕೈಯಲ್ಲಿ ಹಿಡಿಯುವ ಫೋನುಗಳೂ ಕನ್ನಡವನ್ನು ಹೀಗೆಯೇ ಅರಿತಿವೆ. ಪದವನ್ನು ಹುಡುಕುವುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ಸಹಜವಾಗಿ ಸಾಧ್ಯವಾದುದು ಇದರಿಂದಲೇ.

ಇನ್ನು ಬೆರಳುಗಳ ಮಾತು. ಹತ್ತಾರು ವರ್ಷ ಒಂದೇ ಕೀಲಿಮಣೆಯಲ್ಲಿ ಪಳಗಿದ ಕೈ ಮತ್ತೆ ಮೊದಲಿನಿಂದ ಕಲಿಯಬೇಕೇ? ಬೇಕಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನಿಮೂಲ ವಿನ್ಯಾಸದಲ್ಲಿ ‘ಕೆ’ ಕೀಲಿಗೆ ಕ, ‘ಜಿ’ ಕೀಲಿಗೆ ಗ. ಅದೇ ಕೀಲಿಯನ್ನು ಶಿಫ್ಟ್ ಒತ್ತಿ ಬಳಸಿದರೆ ಖ, ಘ. ಎರಡು ವ್ಯಂಜನಗಳ ನಡುವೆ ‘ಎಫ್’ ಒತ್ತಿದರೆ ಒತ್ತಕ್ಷರ. ಇಪ್ಪತ್ತಾರು ಕೀಲಿಗಳೊಳಗೆ ಕನ್ನಡದ ವರ್ಣಮಾಲೆಯೆಲ್ಲ ಅಡಗಿತು. ಕೀಲಿ ಯಾವುದು ಎಂಬುದಕ್ಕೂ, ಒತ್ತಿದಾಗ ಕಡತದಲ್ಲಿ ಬೀಳುವ ಸಂಖ್ಯೆ ಯಾವುದು ಎಂಬುದಕ್ಕೂ ಅಗತ್ಯವಾದ ಸಂಬಂಧವೇನೂ ಇಲ್ಲ. ಆದುದರಿಂದ ಇದೇ ವಿನ್ಯಾಸದಿಂದ ಯೂನಿಕೋಡಿನಲ್ಲಿ ಬರೆಯಬಹುದು. ನುಡಿಯ ಈಚಿನ ಆವೃತ್ತಿಗಳು ಇದಕ್ಕೆ ಒದಗುತ್ತವೆ. ಮುಕ್ತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯಲ್ಲಿ ‘ಕಗಪ’ ಎಂಬ ಹೆಸರಿನಿಂದ ಇದು ಸೇರಿಕೊಂಡಿದೆ. ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಲಗೈಗೂ ಹಂಚುವ ಇನ್‌ಸ್ಕ್ರಿಪ್ಟ್ ವಿನ್ಯಾಸವು ಹೊಸದಾಗಿ ಕಲಿಯುವವರಿಗೆ ಯೋಗ್ಯವಾದುದೇ. ಆದರೆ ಪಳಗಿದ ಕೈಗೆ ಅದನ್ನು ಹೇರಬೇಕಾದುದಿಲ್ಲ. ಇಂಗ್ಲಿಷಿಗೆ 1936ರಲ್ಲಿ ಡ್ವೋರಾಕ್ ಎಂಬಾತನು ಹೊಸ ಕೀಲಿವಿನ್ಯಾಸವೊಂದಕ್ಕೆ ಪೇಟೆಂಟ್ ಪಡೆದರೂ, ಲೋಕವು ಇಂದಿಗೂ 1870ರ ದಶಕದ ಬೆರಳಚ್ಚು ಯಂತ್ರದ ವಿನ್ಯಾಸವನ್ನೇ ಹಿಡಿದಿದೆ. ಅದರಿಂದ ಯಾವ ಬರಹವೂ ಓದಲಾಗದಂತೆ ಹಾಳಾಗಿಲ್ಲ.

ನಮ್ಮ ನಾಣ್ಯಗಳ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆಯ ಬದಲು 100 ನಯಾಪೈಸೆಯಾಯಿತು. ಲೆಕ್ಕಪುಸ್ತಕಗಳೆಲ್ಲ ದಶಮಾಂಶಕ್ಕೆ ತಿರುಗಿದುವು. ಆದರೂ ಜನರು ಇಪ್ಪತ್ತೈದು ಪೈಸೆಯನ್ನು ‘ನಾಲ್ಕಾಣೆ’ಯೆಂದೂ ಐವತ್ತು ಪೈಸೆಯನ್ನು ‘ಎಂಟಾಣೆ’ಯೆಂದೂ ಹೇಳುವುದನ್ನು ಬಿಡಲಿಲ್ಲ. ನಾಲಗೆಯ ಅಭ್ಯಾಸ ಉಳಿಯಿತು, ಲೆಕ್ಕ ಬದಲಾಯಿತು, ಯಾರಿಗೂ ನಷ್ಟವಾಗಲಿಲ್ಲ. ಲೆಕ್ಕವನ್ನೂ ಆಣೆಯಲ್ಲಿಯೇ ಬರೆಯುತ್ತಿದ್ದ ವರ್ತಕನಿದ್ದಿದ್ದರೆ ಅವನ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಗಣಕದಲ್ಲಿಯೂ ಹೀಗೆಯೇ. ಕೈಯ ಅಭ್ಯಾಸವನ್ನು ಉಳಿಸಿಕೊಳ್ಳಬಹುದು. ಕಡತದ ಅಭ್ಯಾಸವನ್ನು ಬಿಡಲೇಬೇಕು. ಹಳೆಯ ಫಾಂಟನ್ನು ಹೊಸ ಯಂತ್ರಕ್ಕೂ ತುಂಬಿಸಿ ಸದ್ಯಕ್ಕೆ ಕೆಲಸ ಸಾಗಿಸಬಹುದೆಂಬುದು ದಿಟ. ಆದರೆ ಆ ಕಡತದೊಳಗಿನ ಮಾತನ್ನು ಹುಡುಕಲಾಗದು. ಫೋನಿಗೆ ಕಳುಹಿಸಿದರೆ ಓದಲಾಗದು. ಫಾಂಟು ಕಳೆದ ದಿನ ಅರ್ಥವೂ ಕಳೆಯುತ್ತದೆ.

ಆದುದರಿಂದ ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಈ ಕೆಲಸಗಳನ್ನು ಮಾಡುವುದು ಲೇಸು. ಮೊದಲು ಎಲ್ಲ ಕಡತಗಳ ಪ್ರತಿಯೊಂದನ್ನು ಬೇರೆ ಸಾಧನದಲ್ಲಿ ಇರಿಸಬೇಕು. ಅವುಗಳ ಫಾಂಟನ್ನೂ ಜೊತೆಗಿರಿಸಬೇಕು. ಆಮೇಲೆ, ಉಚಿತವಾಗಿ ದೊರೆಯುವ ಪರಿವರ್ತಕಗಳಿಂದ ಅವುಗಳನ್ನು ಯೂನಿಕೋಡಿಗೆ ತಿರುಗಿಸಬೇಕು. ಕೊನೆಗೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಅರ್ಕಾವೊತ್ತು ಸ್ಥಳ ಬದಲಿಸುವುದರಿಂದ ಅಲ್ಲಿ ತಪ್ಪು ನುಸುಳುವುದುಂಟು. ನಡುವೆ ಬಂದ ಇಂಗ್ಲಿಷ್ ಮಾತುಗಳನ್ನು ಪರಿವರ್ತಕವು ಕನ್ನಡವೆಂದೇ ಭ್ರಮಿಸಿ ಅರ್ಥವಿಲ್ಲದ ಅಕ್ಷರಗಳಾಗಿ ಮಾರ್ಪಡಿಸುವುದೂ ಉಂಟು.

ಇದು ಬೇಸರದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಾಲೆಯ ಸ್ಮರಣಸಂಚಿಕೆ, ಸಹಕಾರ ಸಂಘದ ನಡವಳಿ, ಊರಿನ ಚರಿತ್ರೆ, ಹಾಡಿಗಳಲ್ಲಿ ಕೇಳಿ ಬರೆದುಕೊಂಡ ಹಾಡುಗಳು ಇಂಥವೆಷ್ಟೋ ಹಳೆಯ ಫಾಂಟಿನ ಕಡತಗಳಲ್ಲಿ ಇರಬಹುದು. ಓಲೆಗರಿಗೆ ಗೆದ್ದಲು ಹತ್ತಿದರೆ ಕಣ್ಣಿಗೆ ಕಾಣುತ್ತದೆ. ಇಲ್ಲಿಯ ಹಾನಿ ತೆರೆದು ನೋಡುವ ದಿನದವರೆಗೂ ಕಾಣುವುದಿಲ್ಲ. ಮೊದಲ ಕಡತವನ್ನು ತಿರುಗಿಸುವುದೇ ಕಷ್ಟ. ಆ ಮೂಟೆ ಒಮ್ಮೆ ಕದಲಿದರೆ ಉಳಿದವು ಅಷ್ಟು ಭಾರವೆನಿಸವು.