ಕುದಿನೀರಿಗೆ ತಕ್ಕ ಗಾಜು

ಶಿಕಾರಿಪುರ ತಾಲ್ಲೂಕಿನ ಅಂಜನಾಪುರವೆಂದೊಡನೆ ಕುಮುದ್ವತಿ ನದಿಯ ಜಲಾಶಯ ನೆನಪಿಗೆ ಬರುತ್ತದೆ. ಅಲ್ಲಿಂದ ಸೊರಬದವರೆಗೆ ಹಬ್ಬಿರುವ ಈ ಅರೆಮಲೆನಾಡಿನಲ್ಲಿ ಮಳೆಗಾಲ ಕಾಲಿಟ್ಟಿತೆಂದರೆ ನೆಗಡಿ, ಗಂಟಲು ಕೆರೆತಗಳೂ ಕಾಲಿಡುತ್ತವೆ. ಅವುಗಳ ಬೆನ್ನಿಗೇ ತುಳಸಿಯನ್ನೋ ನೀಲಗಿರಿಯ ಎಲೆಯನ್ನೋ ಹಾಕಿ ಹಬೆ ತೆಗೆದುಕೊಳ್ಳುವ ಪದ್ಧತಿಯೂ ಬರುತ್ತದೆ. ಬಾಯಗಲದ ಪಾತ್ರೆಗೆ ಮುಖವೊಡ್ಡಿ ಕಂಬಳಿ ಹೊದೆಯುವ ಬದಲು, ಗಾಜಿನ ಸೀಸೆಗೆ ಬಿರಡೆ ಹಾಕಿ, ಅದರಲ್ಲಿ ನಳಿಗೆಯೊಂದನ್ನು ತೂರಿಸಿ, ಪುಟ್ಟದೊಂದು ಹಬೆಯಂತ್ರವನ್ನು ತಾವೇ ಮಾಡಿಕೊಳ್ಳಬೇಕೆಂಬ ಹುಮ್ಮಸ್ಸು ತರುಣರಲ್ಲಿ ಸಹಜ. ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಮನೆಯಲ್ಲೇ ಇಳಿಸಬೇಕೆಂಬ ಆಸೆಯವರೂ ಇದ್ದಾರೆ. ವಿದ್ಯಾರ್ಥಿಗಳು ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಯೆಂದರೆ, "ಉಪ್ಪಿನಕಾಯಿಯ ಸೀಸೆ ಇದಕ್ಕೆ ಸಾಲದೇ? ಅದು ಬಹಳ ದಪ್ಪನಾಗಿದೆಯಲ್ಲ!"

ಸಾಲದು. ದಪ್ಪವಾಗಿರುವುದೇ ಅದರ ದೋಷ.

ಗಾಜನ್ನು ಒಡೆಯುವುದು ಶಾಖವಲ್ಲ, ಶಾಖದ ಅಸಮತೆ. ಇಡೀ ಸೀಸೆಯನ್ನು ನಿಧಾನವಾಗಿ, ಎಲ್ಲೆಡೆಯೂ ಸಮನಾಗಿ ಕಾಯಿಸಿದರೆ ಯಾವ ಗಾಜೂ ನೂರು ಡಿಗ್ರಿಗೆ ಹೆದರಬೇಕಾಗಿಲ್ಲ. ಆದರೆ ಗಾಜು ಉಷ್ಣವನ್ನು ಬಹಳ ಮಂದವಾಗಿ ಸಾಗಿಸುವ ವಸ್ತು. ತಣ್ಣನೆಯ ಸೀಸೆಗೆ ಕುದಿನೀರನ್ನು ಸುರಿದಾಗ ಒಳಮೈ ತಟ್ಟನೆ ಕಾದು ಹಿಗ್ಗಲು ಹವಣಿಸುತ್ತದೆ. ಹೊರಮೈ ಇನ್ನೂ ತಣ್ಣಗಿದ್ದು ಅದನ್ನು ಹಿಡಿದು ನಿಲ್ಲಿಸುತ್ತದೆ. ಈ ಜಗ್ಗಾಟದಲ್ಲಿ ಒಳಮೈ ಅದುಮಲ್ಪಡುತ್ತದೆ, ಹೊರಮೈ ಎಳೆಯಲ್ಪಡುತ್ತದೆ. ಅದುಮುವ ಬಲವನ್ನು ಗಾಜು ಧಾರಾಳವಾಗಿ ತಾಳಿಕೊಳ್ಳಬಲ್ಲುದು. ಎಳೆಯುವ ಬಲವನ್ನು ತಾಳದು. ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಗೀರೊಂದು ಎಳೆತಕ್ಕೆ ಸಿಕ್ಕಿ ಬಾಯಿ ತೆರೆದರೆ ಸಾಕು, ಬಿರುಕು ಕ್ಷಣಾರ್ಧದಲ್ಲಿ ಆಚೆಯ ಬದಿಯನ್ನು ಮುಟ್ಟುತ್ತದೆ. ಗೋಡೆ ದಪ್ಪವಾದಷ್ಟೂ ಒಳಗೂ ಹೊರಗೂ ಉಷ್ಣತೆಯ ಅಂತರ ಹೆಚ್ಚುಕಾಲ ಉಳಿಯುತ್ತದೆ. ಪ್ರಯೋಗಶಾಲೆಯ ಬೀಕರುಗಳನ್ನು ತೆಳ್ಳಗೆ ಮಾಡುವುದು ಈ ಕಾರಣದಿಂದಲೇ ಹೊರತು ಗಾಜನ್ನು ಉಳಿಸುವುದಕ್ಕಲ್ಲ. ಉರಿಯುವ ಕಂದೀಲಿನ ಬುರುಡೆಯ ಮೇಲೆ ಮಳೆಹನಿ ಬಿದ್ದು ಅದು ಟಪ್ಪೆಂದು ಒಡೆಯುವುದನ್ನು ಮಲೆನಾಡಿನ ಹಿರಿಯರು ಎಷ್ಟೋ ಸಲ ಕಂಡಿರಬೇಕು. ಅಲ್ಲಿ ಆಗುವುದು ಇದರ ತಿರುಗುಮುರುಗು: ಬಿಸಿ ಗಾಜಿನ ಹೊರಚರ್ಮ ಒಮ್ಮೆಲೇ ತಣಿದು ಕುಗ್ಗುತ್ತದೆ, ಗೀರುಗಳಿರುವ ಆ ಚರ್ಮವೇ ಎಳೆತಕ್ಕೆ ಸಿಲುಕುತ್ತದೆ. ಕಾಯಿಸುವುದಕ್ಕಿಂತ ತಣಿಸುವುದರಲ್ಲಿ ಅಪಾಯ ಹೆಚ್ಚು.

ಹಾಗಾದರೆ ಬೇಕಾದುದು ಕಡಿಮೆ ಹಿಗ್ಗುವ ಗಾಜು. ಸೀಸೆ, ಕಿಟಕಿ, ಲೋಟಗಳ ಸಾಮಾನ್ಯ ಗಾಜು ಮರಳು, ಸೋಡಾ, ಸುಣ್ಣಗಳ ಪಾಕ. ಅದರಲ್ಲಿ ಸೇಕಡಾ 14ರಷ್ಟು ಇರುವ ಸೋಡಾ, ಮರಳನ್ನು ಸುಲಭವಾಗಿ ಕರಗಿಸಿಕೊಡುತ್ತದೆ. ಆದರೆ ಸಿಲಿಕಾದ ಬಿಗಿಯಾದ ಹೆಣಿಗೆಯನ್ನು ಅಲ್ಲಲ್ಲಿ ಕಡಿದು ಸಡಿಲಗೊಳಿಸುತ್ತದೆ. ಸಡಿಲವಾದ ಹೆಣಿಗೆ ಕಾದಾಗ ಹೆಚ್ಚು ಹಿಗ್ಗುತ್ತದೆ. ಸೋಡಾವನ್ನು ಸೇಕಡಾ 4ಕ್ಕೆ ಇಳಿಸಿ, ಸುಣ್ಣವನ್ನು ಬಿಟ್ಟು, ಸೇಕಡಾ 13ರಷ್ಟು ಬೋರಾನಿನ ಆಕ್ಸೈಡನ್ನು ಸೇರಿಸಿದರೆ ಬರುವುದು ಬೋರೋಸಿಲಿಕೇಟ್ ಗಾಜು. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರದಲ್ಲಿರುವುದೂ ಇದೇ ಬೋರಾನು. ಒಂದು ಮೀಟರ್ ಉದ್ದದ ಸಾಮಾನ್ಯ ಗಾಜಿನ ಸರಳು ನೂರು ಡಿಗ್ರಿ ಕಾದರೆ 0.9 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಬೋರೋಸಿಲಿಕೇಟ್ ಸರಳು 0.33 ಮಿಲಿಮೀಟರಿನಷ್ಟು, ಶುದ್ಧ ಸಿಲಿಕಾದ ಸರಳು 0.06ರೊಳಗೆ. ಕೊನೆಯದು ಎಲ್ಲಕ್ಕಿಂತ ಉತ್ತಮವೆಂಬುದೇನೋ ನಿಜ. ಅದರ ಬೆಲೆಯನ್ನು ವಿಚಾರಿಸಿದವರು ಮತ್ತೆ ಆ ಮಾತೆತ್ತುವುದಿಲ್ಲ.

ಈ ಅಂಕಿಗಳ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಶಿಕಾರಿಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದು 98 ಡಿಗ್ರಿಯ ಹತ್ತಿರ. ಗಾಜು ಮೊದಲು 25 ಡಿಗ್ರಿಯಲ್ಲಿತ್ತೆಂದುಕೊಂಡರೆ ಅಂತರ 70 ಡಿಗ್ರಿಗೂ ಸ್ವಲ್ಪ ಮೇಲೆ. ಅತ್ಯಂತ ಕೆಟ್ಟ ಸಂದರ್ಭದಲ್ಲಿ, ಎಂದರೆ ಒಂದು ಮೈ ತಟ್ಟನೆ ಬದಲಾಗಿ ಉಳಿದ ಭಾಗವೆಲ್ಲ ಮೊದಲಿನಂತೆಯೇ ಉಳಿದಾಗ, 70 ಡಿಗ್ರಿಯ ಅಂತರವು ಸಾಮಾನ್ಯ ಗಾಜಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 570 ಕಿಲೋಗ್ರಾಂ ಭಾರದಷ್ಟು ಎಳೆತವನ್ನು ಹುಟ್ಟಿಸಬಲ್ಲುದು. ಬಳಕೆಯಲ್ಲಿ ಸವೆದ ಗಾಜು 300ರಿಂದ 700ರ ನಡುವೆ ಎಲ್ಲಿ ಬೇಕಾದರೂ ಒಡೆಯಬಹುದು. ಗೀರುಗಳು ಹೆಚ್ಚಾಗಿದ್ದರೆ ಇನ್ನೂ ಮೊದಲೇ. ಬೋರೋಸಿಲಿಕೇಟಿನಲ್ಲಿ ಅದೇ ಅಂತರಕ್ಕೆ ಹುಟ್ಟುವ ಎಳೆತ ಸುಮಾರು 190. ಉಪ್ಪಿನಕಾಯಿಯ ಸೀಸೆ ಒಂಬತ್ತು ಸಲ ಉಳಿದು ಹತ್ತನೆಯ ಸಲ ಒಡೆಯುವುದರ ಗುಟ್ಟು ಇಲ್ಲಿದೆ. ಒಂಬತ್ತು ಸಲ ಉಳಿದದ್ದು ಅದರ ಯೋಗ್ಯತೆಗೆ ಸಾಕ್ಷಿಯಾಗಲಾರದು.

ಬೋರೋಸಿಲಿಕೇಟಿನ ಹುಟ್ಟಿಗೂ ಅಡುಗೆಮನೆಗೂ ಮೊದಮೊದಲು ಸಂಬಂಧವಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಆಟೋ ಶಾಟ್ ಇದನ್ನು ರೂಪಿಸಿದನು. ಅಮೆರಿಕದ ಕಾರ್ನಿಂಗ್ ಸಂಸ್ಥೆ ಇಂಥ ಗಾಜನ್ನು ರೈಲ್ವೆಯ ಲಾಂದ್ರಗಳಿಗೂ ಬ್ಯಾಟರಿಯ ಜಾಡಿಗಳಿಗೂ ಬಳಸಿತು. 1913ರಲ್ಲಿ ಅಲ್ಲಿನ ಭೌತವಿಜ್ಞಾನಿ ಜೆಸ್ಸಿ ಲಿಟಲ್‌ಟನ್, ಜಾಡಿಯೊಂದರ ಅಡಿಭಾಗವನ್ನು ಕತ್ತರಿಸಿ ಮನೆಗೆ ಕೊಂಡೊಯ್ದನು. ಆತನ ಪತ್ನಿ ಬೆಸ್ಸಿ ಅದರಲ್ಲಿ ಕೇಕನ್ನು ಬೇಯಿಸಿದಳು. 1915ರಲ್ಲಿ ಪೈರೆಕ್ಸ್ ಪಾತ್ರೆಗಳು ಮಾರುಕಟ್ಟೆಗೆ ಬಂದವು. ನಮ್ಮ ದೇಶದಲ್ಲಿ 1962ರಲ್ಲಿ ಆರಂಭವಾದ ಬೊರೋಸಿಲ್ ಸಂಸ್ಥೆಯ ಹೆಸರನ್ನು ಕಾಲೇಜಿನಲ್ಲಿ ರಸಾಯನವಿಜ್ಞಾನ ಓದಿದವರೆಲ್ಲರೂ ಬಲ್ಲರು. ಆದರೆ ಹೆಸರನ್ನೊಂದೇ ನಂಬುವಂತಿಲ್ಲ. ಇಂದು ಅಮೆರಿಕದಲ್ಲಿ ಪೈರೆಕ್ಸ್ ಹೆಸರಿನಿಂದ ಮಾರಾಟವಾಗುವ ಅಡುಗೆಪಾತ್ರೆಗಳು ಗಡುಸುಗೊಳಿಸಿದ ಸೋಡಾ-ಸುಣ್ಣದ ಗಾಜಿನವು. ಗಡುಸುಗೊಳಿಸಿದ ಗಾಜು ಪೆಟ್ಟನ್ನು ಚೆನ್ನಾಗಿ ತಾಳುತ್ತದೆ. ಆದರೆ ಅದನ್ನು ಕತ್ತರಿಸಲು, ತೂತು ಕೊರೆಯಲು ಹೋದರೆ ಇಡಿಯಾಗಿ ಪುಡಿಪುಡಿಯಾಗುತ್ತದೆ. ಮನೆಯಲ್ಲಿ ಉಪಕರಣ ಕಟ್ಟುವವನಿಗೆ ಅದು ಒದಗದು.

ಮೂಲ ತಿಳಿಯದ ಗಾಜು ಕೈಗೆ ಬಂದರೆ ಪರೀಕ್ಷಿಸುವುದು ಹೇಗೆ? ಇಲ್ಲಿ ಬೆಳಕು ನಮ್ಮ ನೆರವಿಗೆ ಬರುತ್ತದೆ. ಬೋರೋಸಿಲಿಕೇಟಿನ ವಕ್ರೀಭವನಾಂಕ 1.47, ಸೂರ್ಯಕಾಂತಿ ಎಣ್ಣೆಯದೂ ಹೆಚ್ಚುಕಡಿಮೆ ಅಷ್ಟೇ. ಎರಡು ವಸ್ತುಗಳ ವಕ್ರೀಭವನಾಂಕ ಒಂದೇ ಆಗಿದ್ದರೆ ಬೆಳಕು ಅವುಗಳ ಗಡಿಯಲ್ಲಿ ಬಾಗುವುದಿಲ್ಲ, ಪ್ರತಿಫಲಿಸುವುದೂ ಇಲ್ಲ. ಆದುದರಿಂದ ಗಡಿಯೇ ಕಾಣುವುದಿಲ್ಲ. ಲೋಟದಲ್ಲಿ ಸೂರ್ಯಕಾಂತಿ ಎಣ್ಣೆಯನ್ನು ತುಂಬಿ ನಳಿಗೆಯ ತುಂಡನ್ನು ಮುಳುಗಿಸಿರಿ, ಒಳಗೂ ಎಣ್ಣೆ ತುಂಬಿಕೊಳ್ಳಲಿ. ಬೋರೋಸಿಲಿಕೇಟಾದರೆ ಮುಳುಗಿದ ಭಾಗ ಮಾಯವಾದಂತೆ ತೋರುತ್ತದೆ. ಸಾಮಾನ್ಯ ಗಾಜಿನ ವಕ್ರೀಭವನಾಂಕ 1.52 ಆಗಿರುವುದರಿಂದ ಅದರ ಅಂಚುಗಳು ಸ್ಪಷ್ಟವಾಗಿ ಉಳಿಯುತ್ತವೆ. ನಮ್ಮ ಕಡೆ ಸುಲಭವಾಗಿ ಸಿಗುವ ಕೊಬ್ಬರಿ ಎಣ್ಣೆ ಇದಕ್ಕೆ ಆಗಿಬರುವುದಿಲ್ಲ. ಅದರ ಅಂಕ 1.45. ಸಂದೇಹ ಉಳಿದರೆ ತೂಗಿ ನೋಡಬಹುದು. ಗಾಜನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ತೂಗಬಿಟ್ಟು ಇನ್ನೊಮ್ಮೆ ತೂಗಿ, ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಮಾನ್ಯ ಗಾಜಿಗೆ 2.5ರ ಸುಮಾರು, ಬೋರೋಸಿಲಿಕೇಟಿಗೆ 2.23ರ ಸುಮಾರು ಬರುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಆರ್ಕಿಮಿಡೀಸನ ವಿಧಾನ ಇಲ್ಲಿಯೂ ಕೈಕೊಡುವುದಿಲ್ಲ.

ಗಾಜಿನ ಜಾತಿ ಸರಿಯಾಗಿದ್ದರೂ ಅದನ್ನು ಊದಿದ ಮೇಲೆ ಹದವಾಗಿ ಆರಿಸದಿದ್ದರೆ ಒಳಗೇ ಬಿಗುವು ಉಳಿದುಕೊಂಡಿರುತ್ತದೆ. ಇದನ್ನೂ ಕಣ್ಣಾರೆ ಕಾಣಬಹುದು. ಎಲ್‌ಸಿಡಿ ಮಾದರಿಯ ಕಂಪ್ಯೂಟರ್ ತೆರೆಯಿಂದ ಬರುವುದು ಧ್ರುವೀಕೃತ ಬೆಳಕು. ತೆರೆಯನ್ನು ಬಿಳಿಯಾಗಿಸಿ, ಪೋಲರಾಯ್ಡ್ ಕನ್ನಡಕದ ಮೂಲಕ ನೋಡುತ್ತ, ಅದು ಕಪ್ಪಾಗುವವರೆಗೆ ಕನ್ನಡಕವನ್ನು ತಿರುಗಿಸಿರಿ. ಈಗ ನಡುವೆ ಗಾಜನ್ನು ಹಿಡಿದರೆ ಬಿಗುವಿರುವ ಎಡೆಗಳು ಬೆಳಗುತ್ತವೆ. ಬಿಗುವು ಹೆಚ್ಚಿದ್ದರೆ ಬಣ್ಣಗಳೂ ಕಾಣುತ್ತವೆ. ಬೆಸೆದ ಕೀಲಿನ ಸುತ್ತ ಇಂಥ ಬೆಳಕು ಕಂಡ ಫ್ಲಾಸ್ಕನ್ನು ಉರಿಗೆ ಇಡಬಾರದು. ಕೆಟ್ಟ ಟ್ಯೂಬ್‌ಲೈಟಿನ ಗಾಜಂತೂ ಬೇಡವೇ ಬೇಡ. ಅದು ಸಾಮಾನ್ಯ ಗಾಜೆಂಬುದಷ್ಟೇ ಅಲ್ಲ, ಅದರೊಳಗೆ ಪಾದರಸವಿದೆ.

ನನ್ನನ್ನು ಕೇಳಿದರೆ, ನೀರು ಕುದಿಯುವ ಭಾಗಕ್ಕೆ ಗಾಜೇ ಬೇಡ, ಸ್ಟೀಲಿನ ಪಾತ್ರೆಯೇ ಮೇಲು. ಒಳಗೇನಾಗುತ್ತಿದೆಯೆಂದು ನೋಡಬೇಕಾದ ಕಡೆ, ಎಂದರೆ ನಳಿಗೆಗೂ ಎಣ್ಣೆ ಇಳಿಯುವ ಪಾತ್ರೆಗೂ, ಗಾಜನ್ನು ಬಳಸಿದರೆ ಸಾಕು. ಫ್ಲಾಸ್ಕೇ ಬೇಕೆನ್ನುವವರು ಅದರ ಕೆಳಗೆ ತಂತಿಬಲೆಯನ್ನು ಇಡಲಿ, ನೀರು ಬತ್ತುವುದಕ್ಕೆ ಬಿಡದಿರಲಿ. ಒಣಗಿ 300 ಡಿಗ್ರಿಗೆ ಕಾದ ಫ್ಲಾಸ್ಕಿಗೆ ತಣ್ಣೀರು ಸುರಿದರೆ ಬೋರೋಸಿಲಿಕೇಟಿನಲ್ಲಿಯೂ ಎಳೆತ 700ನ್ನು ದಾಟುತ್ತದೆ. ಹಬೆ ಹೊರಹೋಗುವ ದಾರಿ ಎಂದಿಗೂ ಮುಚ್ಚಿರಬಾರದು. ಎಲೆಯ ಚೂರೊಂದು ನಳಿಗೆಗೆ ಸಿಕ್ಕಿಕೊಂಡರೆ ಹಬೆಯಂತ್ರ ಬಾಂಬಾಗುತ್ತದೆ, ಆಗ ಗಾಜಿನ ಚೂರು ಮೊದಲು ಹುಡುಕುವುದು ಎದುರಿಗೆ ಬಾಗಿರುವ ಮುಖವನ್ನು. ಆದ್ದರಿಂದ ಎಲೆಗಳನ್ನು ಬಟ್ಟೆಯಲ್ಲಿ ಕಟ್ಟಿ ಹಾಕುವುದೂ, ನಳಿಗೆಯ ಒಳವ್ಯಾಸ ಕಿರುಬೆರಳಿನಷ್ಟಾದರೂ ಇರುವುದೂ ಒಳ್ಳೆಯದು. ನೀಲಗಿರಿ ಎಣ್ಣೆಯ ಆವಿ 50 ಡಿಗ್ರಿಯ ಸುಮಾರಿಗೇ ಬೆಂಕಿ ಹಿಡಿಯಬಲ್ಲುದಾದ್ದರಿಂದ ಎಣ್ಣೆ ಸೇರುವ ಪಾತ್ರೆ ಒಲೆಯಿಂದ ದೂರವಿರಬೇಕು. ಮಕ್ಕಳಿಗಂತೂ ಈ ಉಪಕರಣದ ಹತ್ತಿರ ಜಾಗವಿಲ್ಲ. ಗಾಜು ಒಡೆಯದಿದ್ದರೂ ಚೆಲ್ಲಿದ ಕುದಿನೀರೊಂದೇ ಸಾಕು.

ಬಿರಡೆಗೆ ನಳಿಗೆ ತೂರಿಸುವಾಗ ಅಂಗೈ ಸೀಳಿಸಿಕೊಳ್ಳುವುದು ಪ್ರಯೋಗಶಾಲೆಯ ಹಳೆಯ ಪಿಡುಗು. ನಳಿಗೆಯ ಕತ್ತರಿಸಿದ ತುದಿಯನ್ನು ಉರಿಯಲ್ಲಿ ದುಂಡಗಾಗಿಸಿ, ಆರಿದ ಮೇಲೆ ಗ್ಲಿಸರಿನ್ ಸವರಿ, ಬಟ್ಟೆ ಸುತ್ತಿದ ಕೈಯಿಂದ ಬಿರಡೆಗೆ ಹತ್ತಿರವೇ ಹಿಡಿದು, ನೂಕದೆ ತಿರುಗಿಸುತ್ತ ಒಳಸೇರಿಸಬೇಕು. ಉಪಕರಣ ಸಿದ್ಧವಾದ ಮೇಲೆ ಮೊದಲ ಸಲ ಬರೀ ನೀರನ್ನು ಹಾಕಿ, ಯಾರೂ ಎದುರಿಗೆ ಕೂರದಂತೆ, ಅರ್ಧ ಗಂಟೆ ಕುದಿಸಿ ನೋಡಿರಿ. ಒಲೆ ಆರಿಸಿದೊಡನೆ ಬಿಸಿ ಫ್ಲಾಸ್ಕನ್ನು ಒದ್ದೆಯಾದ ಕಡಪಾ ಕಲ್ಲಿನ ಮೇಲೆ ಇಡಬೇಡಿರಿ; ಒಣಗಿದ ಹಲಗೆಯ ಮೇಲಿಟ್ಟು ತಾನಾಗಿ ಆರಲು ಬಿಡಿರಿ.