ರಟ್ಟಿನ ಕಂಟೇನರುಗಳು

ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ಹಾಕಿದಾಗ, ಕೆಂಪು, ನೀಲಿ, ಹಸುರು ಬಣ್ಣದ ಉಕ್ಕಿನ ಪೆಟ್ಟಿಗೆಗಳನ್ನು ಹೊತ್ತು ಸಾಗುವ ಗೂಡ್ಸ್ ಗಾಡಿಯನ್ನು ನೀವು ನೋಡಿಯೇ ಇರುತ್ತೀರಿ. ಆ ಪೆಟ್ಟಿಗೆಗಳೇ ಕಂಟೇನರುಗಳು. ಮನೆಯಲ್ಲಿ ಮಾದರಿ ರೈಲನ್ನು ಇಟ್ಟುಕೊಂಡವರಿಗೆ ಇವು ಹತ್ತಾರು ಬೇಕಾಗುತ್ತವೆ. ಕೊಂಡು ತರುವುದಾದರೆ ಕೈ ಸುಡುತ್ತದೆ. ಆದರೆ ಹಳೆಯ ಮದುವೆಯ ಕರೆಯೋಲೆಗಳಿದ್ದರೆ ಸಾಕು, ನೀವೇ ಮಾಡಿಕೊಳ್ಳಬಹುದು.

ಮಾಡುವುದಕ್ಕೆ ಮೊದಲು ಈ ಪೆಟ್ಟಿಗೆಯ ಗುಟ್ಟನ್ನು ತಿಳಿಯುವುದು ಒಳ್ಳೆಯದು. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಂ ಮೆಕ್ಲೀನ್ ಎಂಬುವರು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ ಇಂತಹ 58 ಪೆಟ್ಟಿಗೆಗಳನ್ನು ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದರು. ಆಮೇಲೆ ಒಂದು ಕಂಪನಿಯದು 35 ಅಡಿ, ಮತ್ತೊಂದರದು 24 ಅಡಿ ಎಂದಾಯಿತು. ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಹಡಗಿಗೆ ಹೊಂದದು. 1968ರಿಂದ ಅಂತರರಾಷ್ಟ್ರೀಯ ಅಳತೆಗಳು ಬಂದ ಮೇಲೆಯೇ ಪೆಟ್ಟಿಗೆ ಹಡಗಿನಿಂದ ರೈಲಿಗೆ, ರೈಲಿನಿಂದ ಲಾರಿಗೆ ಸಲೀಸಾಗಿ ಏರತೊಡಗಿತು. ನಮ್ಮ ದೇಶದ ಒಳನಾಡಿನ ಮೊದಲ ಕಂಟೇನರ್ ಡಿಪೋ 1981ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಎಲ್ಲವೂ ಒಂದೇ ಅಳತೆ ಎಂಬುದೇ ಇದರ ಜೀವಾಳ. ರಟ್ಟಿನ ಪೆಟ್ಟಿಗೆಗೂ ಅದೇ ಮಾತು.

ಸಾಮಾನ್ಯ ಕಂಟೇನರಿನ ಉದ್ದ 20 ಅಡಿ, ಅಗಲ 8 ಅಡಿ, ಎತ್ತರ ಎಂಟೂವರೆ ಅಡಿ. ‘ಎಚ್‌ಒ’ ಎಂಬ ಮಾದರಿ ರೈಲಿನಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಹಾಗೆ ಇಳಿಸಿದರೆ ಉದ್ದ 70, ಅಗಲ 28, ಎತ್ತರ 30 ಮಿಲಿಮೀಟರು. 40 ಅಡಿಯದಕ್ಕೆ ಉದ್ದ ಮಾತ್ರ 140.

ತೆಳು ರಟ್ಟಿನಲ್ಲಿ 70 ಮಿ.ಮೀ. ಅಗಲ, 122 ಮಿ.ಮೀ. ಉದ್ದದ ತುಂಡನ್ನು ಕತ್ತರಿಸಿ. ಉದ್ದದ ಮೇಲೆ ಕ್ರಮವಾಗಿ 30, 28, 30, 28 ಮಿ.ಮೀ.ಗಳಿಗೆ ಗೆರೆ ಎಳೆಯಿರಿ: ಒಂದು ಪಕ್ಕ, ಮಾಳಿಗೆ, ಇನ್ನೊಂದು ಪಕ್ಕ, ತಳ. ಉಳಿದ 6 ಅಂಟಿಸುವ ಅಂಚು. ಮಡಿಸುವ ಮುನ್ನ ಪಕ್ಕಗಳನ್ನು ಮಡಿಸಿದ ಬಟ್ಟೆಯ ಮೇಲೆ ಬೋರಲಾಗಿಟ್ಟು, ಮಸಿ ಮುಗಿದ ಬಾಲ್ ಪೆನ್ನಿನಿಂದ ಮೂರು ಮೂರು ಮಿ.ಮೀ. ಬಿಟ್ಟು ಎತ್ತರದುದ್ದಕ್ಕೂ ಒತ್ತಿ ಗೆರೆ ಎಳೆಯಿರಿ. ಮುಂಬದಿಯಲ್ಲಿ ಉಕ್ಕಿನ ತಗಡಿನ ಏರಿಳಿತ ಮೂಡುತ್ತದೆ. ಮಡಿಕೆಯ ಗೆರೆಗಳನ್ನೂ ಪಟ್ಟಿ ಹಿಡಿದು ಒತ್ತಿಕೊಂಡರೆ ಮೂಲೆ ಚೂಪಾಗಿ ನಿಲ್ಲುತ್ತದೆ. ಇಲ್ಲವಾದರೆ ರಟ್ಟು ಬಿರಿಯುತ್ತದೆ.

ತುದಿಯ ಎರಡು ಮುಚ್ಚಳಗಳು ಕೊಳವೆಯೊಳಗೆ ಕೂರಬೇಕಾದ್ದರಿಂದ ಅವುಗಳ ಎತ್ತರ, ಅಗಲಗಳನ್ನು ಅರ್ಧ ಮಿ.ಮೀ. ಕಡಿಮೆ ಮಾಡಿ. ಸುತ್ತಲೂ ಒಳಕ್ಕೆ ಮಡಿಸುವ ಅಂಚು ಬಿಡಿ. ಒಂದನ್ನು ಅಂಟಿಸಿ, ತಳದಲ್ಲಿ ಒಂದು ನಾಣ್ಯವನ್ನು ಅಂಟಿಸಿದ ಬಳಿಕವೇ ಇನ್ನೊಂದನ್ನು ಮುಚ್ಚಿ. ಬರಿಯ ರಟ್ಟು ಬಹಳ ಹಗುರ. ತಿರುವಿನಲ್ಲಿ ಗಾಡಿಯಿಂದ ಉರುಳಿಬಿಡುತ್ತದೆ.

ಮೈದಾ ಹಿಟ್ಟಿನ ಸರಿ ಬೇಡ; ನೀರು ಹೀರಿ ರಟ್ಟು ಸೊಟ್ಟಗಾಗುತ್ತದೆ. ಫೆವಿಕಾಲನ್ನು ಕಡ್ಡಿಯ ತುದಿಯಿಂದ ತೆಳುವಾಗಿ ಹಚ್ಚಿ. ಕತ್ತರಿಸಿದ ಅಂಚಿನ ಬಿಳುಪು ರಟ್ಟಿನ ಗುಟ್ಟನ್ನು ಬಯಲು ಮಾಡುತ್ತದೆಯಾದ್ದರಿಂದ ಅಲ್ಲಿಗೂ ಬಣ್ಣ ಬಳಿಯಿರಿ. ಬಾಗಿಲಿನ ಕಡೆ ನಾಲ್ಕು ನಿಲುವು ಸರಳುಗಳನ್ನು ಬರೆಯಿರಿ. ನಾಲ್ಕು ಅಕ್ಷರ, ಏಳು ಅಂಕಿಗಳ ಗುರುತು ಹಾಕಿದರೆ ಇನ್ನೂ ಚೆನ್ನ. ಸರಕಿನ ಕಂಟೇನರುಗಳಲ್ಲಿ ನಾಲ್ಕನೆಯ ಅಕ್ಷರ ‘ಯು’. ಕೊನೆಯ ಅಂಕಿ ಉಳಿದುದೆಲ್ಲ ಸರಿಯೇ ಎಂದು ತಾಳೆ ನೋಡುವುದಕ್ಕಾಗಿ ಇರುವುದು.

ಐದಾರು ಪೆಟ್ಟಿಗೆಗಳಾದ ಮೇಲೆ ಒಂದರ ಮೇಲೊಂದು ಪೇರಿಸಿ ನೋಡಿ. ಕೆಳಗಿನದು ಒಂದೇ ಮಿಲಿಮೀಟರು ತಪ್ಪಿದ್ದರೂ ಮೇಲಿನವು ವಾಲುತ್ತವೆ. ಆಗ ಬೇಸರಿಸದೆ ಆ ಒಂದನ್ನು ಮತ್ತೆ ಮಾಡಿ. ಲೋಕದ ವ್ಯಾಪಾರಕ್ಕೆ ಬಹುಕಾಲ ಹಿಡಿದ ಪಾಠ ನಿಮಗೆ ಒಂದು ಭಾನುವಾರದ ಮಧ್ಯಾಹ್ನದಲ್ಲಿ ದೊರೆತಂತಾಗುತ್ತದೆ.